ಹತ್ತು ತಿಂಗಳು ಮೊದಲೇ ಬಂದ ಹಿಬಾರಿ

ಟಲ್ಲಾಬರಿ, ಉತ್ತರ ಕ್ವೀನ್ಸ್‌ಲ್ಯಾಂಡ್
ಆಗಸ್ಟ್ ೧೪, ೨೦೧೨

ಪ್ರೀತಿಯ ಸಚಿಯೊ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಮೇಲೂ ನೀನು ಇದನ್ನು ಒಡೆದಿದ್ದರೆ ಅದೇ ದೊಡ್ಡದು. ಒಡೆಯದೆ ಕಸಕ್ಕೆ ಹಾಕಿದ್ದರೆ ನನಗೆ ಕೇಳುವ ಬಾಯಿಯೂ ಇಲ್ಲ. ನಿನ್ನ ನೆಲ್ಸನ್ ಊರಿನ ವಿಳಾಸ ಕೊಟ್ಟವಳು ಚರ್ಚಿನಲ್ಲಿ ಹೂ ಜೋಡಿಸುವ ಮರ್ಲಾ. ನೀನು ಅವಳಿಗೆ ಪ್ರತಿ ವರ್ಷ ಕಾರ್ಡು ಹಾಕುತ್ತೀಯಂತೆ. ಕಳೆದ ತಿಂಗಳು, ಊರಿಗೆ ಇನ್ನೂ ಏನೂ ಗೊತ್ತಿಲ್ಲದಾಗ, ಅದನ್ನು ಕೊಡುತ್ತ, "ಹನ್ನೊಂದು ವರ್ಷ ಆಯ್ತಲ್ಲೇ ರೆನಾಟಾ, ಈಗೇನು ಬರೀತೀಯ ಅವಳಿಗೆ?" ಎಂದಳು. ಸುಮ್ಮನೆ ಯೋಗಕ್ಷೇಮ ಎಂದೆ. ಸುಳ್ಳು ನನ್ನ ನಾಲಿಗೆಗೆ ಇನ್ನೂ ಎಷ್ಟು ಸಲೀಸು ನೋಡು.

ಇಲ್ಲಿ ಕಬ್ಬು ಅರೆಯುವ ದಿನಗಳು. ಗದ್ದೆಗೆ ಬೆಂಕಿ ಹಚ್ಚಿದರೆ ಕರಿ ಬಂದು ಒಣಹಾಕಿದ ಬಟ್ಟೆಯ ಮೇಲೆಲ್ಲ ಬೀಳುತ್ತದೆ. ನನ್ನ ಮಂಡಿ ಹೋಗಿದೆ. ಅಂಗಡಿಯಲ್ಲಿ ಈಗ ಆಟದ ಸಾಮಾನಿಗಿಂತ ಫೋನಿನ ಕವರುಗಳೇ ಹೆಚ್ಚು.

ವರ್ನ್ ಕ್ವಿಲ್ಟಿ ತೀರಿಕೊಂಡ. ಕಳೆದ ತಿಂಗಳು ಇಪ್ಪತ್ತೊಂದಕ್ಕೆ, ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದವನು ಕುಳಿತಂತೆಯೇ ಹೋದ. ಬೇರೆಯವರ ಮೂತ್ರಪಿಂಡ ಹಾಕಿಸಿಕೊಂಡು ಒಂಬತ್ತು ವರ್ಷ ಗಟ್ಟಿಯಾಗಿದ್ದ. "ಕಿಡ್ನಿಗೆ ಎರಡು ವರ್ಷ ಕಾದೆ, ಆಟದ ಡಬ್ಬಿಗೆ ಹತ್ತು ತಿಂಗಳು ಕಾಯಕ್ಕಾಗ್ಲಿಲ್ಲ ನನ್ನ ಕೈಲಿ" ಎಂದು ಆ ಸುಟ್ಟ ಕೈಯನ್ನೇ ಎತ್ತಿ ತೋರಿಸಿ ನಗುತ್ತಿದ್ದ. ಅವನು ಹಾಗೆ ನಕ್ಕಾಗಲೆಲ್ಲ ನಾನು ಕೌಂಟರಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದೆ.

ಆಗ ನಡೆದದ್ದೆಲ್ಲ ನಿನಗೆ ಗೊತ್ತೇ ಇದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ನನ್ನ ಕೈಬರಹದಲ್ಲಿ ಅದು ಒಮ್ಮೆಯಾದರೂ ಇರಬೇಕು.

ಹಿಬಾರಿ ಎಂಬ ಆ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ ಜಪಾನಿನಲ್ಲಿ ಮಾರ್ಚಿನಲ್ಲೇ ಮಾರಾಟಕ್ಕೆ ಬಂದಿತ್ತು. ಅಮೆರಿಕಕ್ಕೆ ಆಗಸ್ಟ್. ನಮಗೆ ಮುಂದಿನ ವರ್ಷದ ಫೆಬ್ರವರಿ. ಸಿಡ್ನಿಯ ವಿತರಕರಿಗೆ ಎಷ್ಟು ಸಲ ಫೋನು ಮಾಡಿದರೂ ಒಂದೇ ಉತ್ತರ: ನಿಮ್ಮ ಭಾಗಕ್ಕೆ ಬೇರೆ ಮಾದರಿ ತಯಾರಾಗುತ್ತಿದೆ, ಕಾಯಿರಿ. ಊರಿನವರು ನನ್ನ ಜೀವ ತಿಂದರು. "ಅಮೆರಿಕದೋರು ಆಡಿ ಬೇಜಾರಾಗಿ ಬಿಸಾಕಿದ್ಮೇಲೆ ನಮಗೆ ಕಳಿಸ್ತಾರೆ ಬಿಡು" ಎಂದು ಮೀನಿನಂಗಡಿಯ ಕೋಸ್ಟಾ ದಿನಾ ಬಂದು ಕೆಣಕುತ್ತಿದ್ದ. ನೀನು ಆಗ ಹೈಸ್ಕೂಲಿನಲ್ಲಿ ಜಪಾನಿ ಭಾಷೆ ಕಲಿಸುತ್ತಿದ್ದೆ, ಸಂಜೆ ಅಂಗಡಿಗೆ ಬಂದು ನನ್ನ ಜೊತೆ ಕಾಫಿ ಕುಡಿಯುತ್ತಿದ್ದೆ. ಒಸಾಕಾದಲ್ಲಿ ನಿನ್ನ ತಮ್ಮ ಇದ್ದಾನಲ್ಲ, ಅವನ ಕೈಲಿ ಒಂದು ಡಜನ್ ಕಳಿಸಲು ಹೇಳು ಎಂದು ಗಂಟುಬಿದ್ದವಳು ನಾನು. ನೀನು ಎರಡು ವಾರ ಒಪ್ಪಲಿಲ್ಲ. ಇದನ್ನು ಊರಿನಲ್ಲಿ ಯಾರಿಗೂ ನಾನು ಹೇಳಿರಲಿಲ್ಲ.

ಒಸಾಕಾದಿಂದ ಪಾರ್ಸೆಲ್ಲು ಬಂದ ದಿನ ನೀನೇ ಅದನ್ನು ಬಿಚ್ಚಿದೆ. ಅಂಗೈಯಗಲದ ಆ ಕಪ್ಪು ಯಂತ್ರ, ತೆರೆದರೆ ಎಷ್ಟು ಬೆಳಕು! ನಾನು ಅದನ್ನೇ ನೋಡುತ್ತಿದ್ದೆ. ನೀನು ಚಾರ್ಜರನ್ನು ತಿರುಗಿಸಿ ಅದರ ಹಿಂದಿನ ಚೀಟಿಯ ಮೇಲೆ ಉಗುರಿಟ್ಟೆ.

"ನೋಡು, ಇದು ನೂರು ವೋಲ್ಟಿಗೆ ಮಾಡಿದ್ದು. ನಿಮ್ಮ ಗೋಡೇಲಿ ಇರೋದು ಇನ್ನೂರ ನಲವತ್ತು."

"ಪಿನ್ನು ಬದಲಾಯಿಸೋ ಪ್ಲಗ್ ಇದ್ಯಲ್ಲೇ, ಪ್ರಯಾಣದೋರು ತಗೊಳ್ಳೋದು?"

"ಅದು ಆಕಾರ ಬದಲಾಯಿಸತ್ತೆ ಅಷ್ಟೇ, ಕರೆಂಟು ಕಮ್ಮಿ ಮಾಡಲ್ಲ. ವೋಲ್ಟು ಇಳಿಸೋ ಪೆಟ್ಟಿಗೆ ಬೇಕು, ಒಂದೊಂದಕ್ಕೂ. ಅದಿಲ್ದೆ ಯಾರಿಗೂ ಕೊಡಬೇಡ ರೆನಾಟಾ. ಸುಟ್ಟೋಗತ್ತೆ."

"ಹೂಂ ಕಣೇ ಟೀಚರಮ್ಮ" ಎಂದೆ. ನೀನು ನಗಲಿಲ್ಲ. ಕುಳಿತುಕೊಂಡು ಅದೇ ಮಾತನ್ನು ಹನ್ನೆರಡು ಚೀಟಿಗಳ ಮೇಲೆ ಬರೆದುಕೊಟ್ಟೆ, ಒಂದೊಂದು ಡಬ್ಬಿಗೆ ಒಂದೊಂದು.

ಮೆಲ್ಬರ್ನಿನಿಂದ ವೋಲ್ಟು ಇಳಿಸುವ ಪೆಟ್ಟಿಗೆಗಳು ಎಂಟು ಬಂದವು, ಉಳಿದ ನಾಲ್ಕು ಬರಲಿಲ್ಲ. ಎಂಟು ಹಿಬಾರಿಗಳು ಒಂದೇ ವಾರದಲ್ಲಿ ಖಾಲಿಯಾದವು. ಮಿಕ್ಕ ನಾಲ್ಕನ್ನು ಒಳಗೆ ಇಟ್ಟಿದ್ದೆ. ನಿಜವಾಗಿಯೂ ಇಟ್ಟಿದ್ದೆ.

ಆಮೇಲೆ ಒಂದು ಶುಕ್ರವಾರ ವರ್ನ್ ಬಂದ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆಂದು ಕೆರ್ನ್ಸ್‌ಗೆ ಹೋಗುತ್ತಿದ್ದ, ಒಂದೊಂದು ಸಲಕ್ಕೂ ಐದು ಗಂಟೆ ತೋಳು ಚಾಚಿಕೊಂಡು ಬಿದ್ದಿರಬೇಕು. ಅರವತ್ತೆರಡರ ಮುದುಕನಿಗೆ ಆಟದ ಹುಚ್ಚು ಹಿಡಿಸಿದ್ದು ಪಕ್ಕದ ಹಾಸಿಗೆಯ ಒಬ್ಬ ರೋಗಿ. ಕಲ್ಲುಗಳನ್ನು ಜೋಡಿಸುವ ಆ ಆಟಕ್ಕೆ ಭಾಷೆ ಬೇಕಾಗಿರಲಿಲ್ಲ.

"ಒಳಗೆ ನಾಲ್ಕು ಇಟ್ಕೊಂಡಿದ್ದೀಯಂತೆ. ಕೋಸ್ಟಾ ಹೇಳ್ದ."

"ಚಾರ್ಜರ್ ಸರಿ ಇಲ್ಲ ವರ್ನ್. ಪೆಟ್ಟಿಗೆ ಬರಬೇಕು. ಇಲ್ಲಾಂದ್ರೆ ಫೆಬ್ರವರಿಗೆ ನಮ್ಮದೇ ಮಾದರಿ ಬರತ್ತೆ."

"ಫೆಬ್ರವರಿ! ಫೆಬ್ರವರೀಲಿ ನಾನಿರ್ತೀನಾ? ನನ್ನ ಮುಖ ನೋಡಿ ಹೇಳು, ತಾಯಿ."

ಮುಖ ನೋಡಿದೆ. ಹಳದಿ ತಿರುಗಿತ್ತು. ನಾನು ಒಳಗೆ ಹೋಗಿ ತಂದುಕೊಟ್ಟೆ. ಜೊತೆಗೆ ಆಕಾರ ಬದಲಾಯಿಸುವ ಆ ಪ್ಲಗ್ಗನ್ನೂ ಕೊಟ್ಟೆ. ಹಿಂದಿನ ದಿನ ಅಂಗಡಿಯಲ್ಲಿ ಅದನ್ನು ನಾನೇ ಅರ್ಧ ಗಂಟೆ ಹಾಕಿ ನೋಡಿದ್ದೆ. ಬಿಸಿಯಾಗಿತ್ತು, ಹೊಗೆ ಬಂದಿರಲಿಲ್ಲ. "ಅರ್ಧ ಗಂಟೆ ಮಾತ್ರ ಹಾಕು, ಎದುರಿಗೇ ಕೂತಿರು" ಎಂದೆ. ನಿನ್ನ ಚೀಟಿಯನ್ನು ಡಬ್ಬಿಯಿಂದ ತೆಗೆದೆ. ಅದನ್ನು ಓದಿದರೆ ಹೆದರುತ್ತಾನೆ, ಕೊಟ್ಟವಳನ್ನು ಬಯ್ಯುತ್ತಾನೆ ಎಂದು. ಕರುಣೆಯಿಂದ ಕೊಟ್ಟೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಕರುಣೆಯಿಂದ ಕೊಡುವವಳು ಚೀಟಿ ಯಾಕೆ ತೆಗೆಯುತ್ತಾಳೆ, ಸಚಿಯೊ?

ಎಂಟು ದಿನ ಏನೂ ಆಗಲಿಲ್ಲ. ನಡುವೆ ಒಮ್ಮೆ ಬಂದು ಜಗಳ ಆಡಿದ: "ಏನಮ್ಮಾ ಇದು, ಹೌದು ಅನ್ನೋ ಕಡೆ ಅಲ್ಲ ಇದೆ, ಅಲ್ಲ ಅನ್ನೋ ಕಡೆ ಹೌದು ಇದೆ! ಮೂರು ದಿನದ ಆಟ ಅಳಿಸಿಹೋಯ್ತು!" ಜಪಾನಿನ ಮಾದರಿಯಲ್ಲಿ ದುಂಡನೆಯ ಗುಂಡಿ ಒಪ್ಪಿಗೆಗೆ, ನಮ್ಮ ಕಡೆ ಕತ್ತರಿ ಗುರುತಿನದು. ನೀನೂ ಅಲ್ಲೇ ಇದ್ದೆ. ಅವನಿಗೆ ತೋರಿಸಿಕೊಟ್ಟೆ, ಇಬ್ಬರೂ ನಕ್ಕಿರಿ. ಆಗ ನೀನು ನನ್ನ ಕಡೆ ತಿರುಗಿ, "ಪೆಟ್ಟಿಗೆ ಕೊಟ್ಟೆ ತಾನೆ ಇವರಿಗೆ?" ಎಂದೆ. ನಾನು ತಲೆಯಾಡಿಸಿದೆ.

ಆ ಶನಿವಾರ ಮಧ್ಯಾಹ್ನ ಅವನು ಚಾರ್ಜಿಗೆ ಹಾಕಿ ಸೋಫಾದ ಮೇಲೆ ನಿದ್ದೆ ಹೋದ. ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ. ಚಾರ್ಜರಿನಿಂದ ಕಿಟಕಿಯ ಪರದೆಗೆ ಹತ್ತಿಕೊಂಡ ಬೆಂಕಿ ಇಪ್ಪತ್ತು ನಿಮಿಷದಲ್ಲಿ ಛಾವಣಿ ಇಳಿಸಿತು. ಅವನು ಹೊರಗೆ ಬಂದಿದ್ದ, ಹೆಂಡತಿಯ ಫೋಟೊಗೆಂದು ಮತ್ತೆ ಒಳಗೆ ಹೋದ. ಬಲಗೈಯ ಬೆರಳುಗಳು ಅಂಟಿಕೊಂಡದ್ದು ಹಾಗೆ.

ಅಗ್ನಿಶಾಮಕದ ತನಿಖಾಧಿಕಾರಿ ಸೋಮವಾರ ಅಂಗಡಿಗೆ ಬಂದ. ಕರಗಿದ ಪ್ಲಗ್ಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದ. ಮಾತಿನ ನಡುವೆ ನಿನ್ನ ಹೆಸರು ಬಂತು. ಗುರುವಾರದ ವಾರಪತ್ರಿಕೆಯಲ್ಲಿ ಅದು ಅಚ್ಚಾಯಿತು: ಜಪಾನಿ ಶಿಕ್ಷಕಿಯ ಮೂಲಕ ಬಂದ ಅಕ್ರಮ ಸಾಮಾನು. ಅಕ್ರಮವೇನೂ ಇರಲಿಲ್ಲ, ಆದರೆ ಆ ಪದ ಊರಿಗೆ ಹಿಡಿಸಿತು.

ಅಂದು ಸಂಜೆ ನೀನು ಬಂದೆ. ಕೂಗಾಡಲಿಲ್ಲ. "ಪೆಟ್ಟಿಗೆ ಕೊಟ್ಟಿರಲಿಲ್ಲ ಅಲ್ವಾ?" ಎಂದೆ. ನಾನು ಇಲ್ಲ ಎಂದೆ. "ನೀನೇ ಹೇಳ್ತೀಯಾ, ನಾನು ಹೇಳ್ಲಾ?" ಎಂದು ನೀನು ಕೇಳಿದೆ. ಒಂದು ವಾರ ಕೊಡು ಎಂದು ನಿನ್ನ ಕೈ ಹಿಡಿದುಕೊಂಡೆ. ನೀನು ಕೊಟ್ಟೆ. ಆ ಒಂದು ವಾರ ಬೀದಿಯಲ್ಲಿ ಜನ ನಿನ್ನನ್ನು ನೋಡಿ ರಸ್ತೆ ದಾಟಿದರು, ನಾಲ್ಕು ಮನೆಯವರು ಮಕ್ಕಳನ್ನು ನಿನ್ನ ತರಗತಿಯಿಂದ ಬಿಡಿಸಿದರು. ನೀನು ಬಾಯಿ ಬಿಡಲಿಲ್ಲ, ನನಗೆ ಮಾತು ಕೊಟ್ಟಿದ್ದೆಯಲ್ಲ.

ಎಂಟನೆಯ ದಿನ ನೀನು ಮುಖ್ಯೋಪಾಧ್ಯಾಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನನಗೆ ಫೋನು ಮಾಡಿದರು. ಆಕೆ ಎಚ್ಚರಿಕೆ ಕೊಟ್ಟಿದ್ದು ನಿಜವೇ, ಚೀಟಿ ಬರೆದುಕೊಟ್ಟಿದ್ದು ನಿಜವೇ ಎಂದು ಕೇಳಿದರು. "ನೆನಪಿಲ್ಲ ಸರ್" ಎಂದೆ. ಎರಡೇ ಎರಡು ಮಾತು. ಫೋನಿಟ್ಟು ಪೂರ್ತಿ ಒಂದು ಲೋಟ ಕಾಫಿ ಕುಡಿದೆ, ಅದಕ್ಕೆ ಸಕ್ಕರೆ ಹಾಕಿರಲಿಲ್ಲ ಎಂದು ಕುಡಿದಾದ ಮೇಲೆ ಗೊತ್ತಾಯಿತು.

ಶಾಲೆಯ ಟರ್ಮು ಮುಗಿಯುವ ಮೊದಲೇ ನೀನು ರಾಜೀನಾಮೆ ಕೊಟ್ಟು ಹೊರಟೆ. ಬಸ್ಸಿನ ನಿಲ್ದಾಣ ನನ್ನ ಅಂಗಡಿಯ ಎದುರಿಗೇ. ಎರಡು ಸೂಟ್‌ಕೇಸು ಇಟ್ಟುಕೊಂಡು ನಲವತ್ತು ನಿಮಿಷ ನಿಂತಿದ್ದೆ. ನಾನು ಬಾಗಿಲಿಗೆ 'ಮುಚ್ಚಿದೆ' ಹಲಗೆ ತಿರುಗಿಸಿ ಒಳಗೆ ಕಪಾಟುಗಳ ಹಿಂದೆ ನೆಲದ ಮೇಲೆ ಕುಳಿತಿದ್ದೆ.

ಫೆಬ್ರವರಿಯಲ್ಲಿ ನಮ್ಮ ಮಾದರಿ ಬಂತು. ಸ್ವಲ್ಪ ದಪ್ಪ, ಪರದೆ ಮಂಕು, ಇಲ್ಲಿಯ ಗೋಡೆಗೆ ತಕ್ಕ ಚಾರ್ಜರು. ಮೊದಲನೆಯ ದಿನ ಸಾಲಿನಲ್ಲಿ ಮೊದಲು ನಿಂತಿದ್ದವನು ಯಾರು ಹೇಳು? ವರ್ನ್. ಬಲಗೈಗೆ ಬಿಳಿ ಬಟ್ಟೆಯ ಗವುಸು. "ಎಡಗೈಲೇ ಕಲೀತೀನಿ" ಎಂದ. ಹಳೆಯ ಆಟದ ಕಾರ್ಡು ಇದಕ್ಕೆ ಕೂರುವುದಿಲ್ಲ, ಹೊಸದೇ ಬೇಕು ಎಂದಾಗ, "ಹಳೇದೆಲ್ಲಿದೆ, ಮನೆ ಜೊತೆಗೇ ಹೋಯ್ತಲ್ಲ" ಎಂದು ನಕ್ಕ. ಸುಮ್ಮನೆ ಕೊಡುತ್ತೇನೆ ಎಂದರೆ ಕೇಳಲಿಲ್ಲ. ಹೊರಡುವಾಗ ನಿಂತು ಕೇಳಿದ:

"ಆ ಸಚಿಯೊ ಒಳ್ಳೆ ಹೆಂಗಸು ಕಣೇ. ಅಷ್ಟು ನಾಜೂಕಾಗಿ ಗುಂಡಿ ತೋರಿಸ್ಕೊಟ್ಳು. ಚಾರ್ಜರ್ ಬಗ್ಗೆ ನಿಂಗೇನೂ ಹೇಳಿರಲಿಲ್ವಾ ಅವಳು?"

"ಇಲ್ಲ ವರ್ನ್."

ಅವನು ನನ್ನನ್ನು ನೋಡಿದ. ಇಪ್ಪತ್ತೇಳು ವರ್ಷ ಶಾಲಾ ಬಸ್ಸು ಓಡಿಸಿದವನು, ಕನ್ನಡಿಯಲ್ಲಿ ಮಕ್ಕಳ ಮುಖ ನೋಡಿಯೇ ಯಾರು ಏನು ಮಾಡಿದರೆಂದು ಹೇಳುತ್ತಿದ್ದವನು. "ಸರಿ ಹಾಗಾದ್ರೆ" ಎಂದು ಹೊರಟುಹೋದ. ಆಮೇಲೆ ಹತ್ತು ವರ್ಷ ವಾರಕ್ಕೊಮ್ಮೆ ಅಂಗಡಿಗೆ ಬಂದ, ಆ ಮಾತು ಮತ್ತೆ ಎತ್ತಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ, ಇನ್ನು ಕೇಳುವಂತಿಲ್ಲ.

ಶವಸಂಸ್ಕಾರದ ಊಟದಲ್ಲಿ ನಾನು ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಅವನ ಮಗಳು ನೆರಿಡಾ ಬ್ರಿಸ್ಬೇನಿನಿಂದ ಬಂದಿದ್ದಳು. ಯಾರೋ ಅವನ ಕೈಯ ಮಾತೆತ್ತಿದರು. ಅವಳು, "ಆ ಜಪಾನಿನೋಳು ತಪ್ಪಿಸ್ಕೊಂಡು ಹೋದ್ಳಲ್ಲ, ಎಲ್ಲಿದ್ದಾಳೋ ಈಗ. ಅಪ್ಪ ಮಾತ್ರ ಸಾಯೋತನಕ ಅವಳನ್ನ ಬಯ್ಯೋಕೆ ಬಿಡಲಿಲ್ಲ ನನ್ನ" ಎಂದಳು. ಸುತ್ತಲಿದ್ದವರು ತಲೆಯಾಡಿಸಿದರು. ನನ್ನ ತಲೆಯೂ ಆಡಿತು, ಸಚಿಯೊ. ತನ್ನಷ್ಟಕ್ಕೆ ಆಡಿತು. ಅದು ಆಡಿದ್ದು ನನಗೆ ಗೊತ್ತಾದಾಗ ಅವಳ ಎದುರಿಗೆ ಹೋಗಿ ನಿಂತೆ.

"ನೆರಿಡಾ, ಅವಳಲ್ಲ. ನಾನು" ಎಂದೆ.

ಅಲ್ಲೇ, ಎಲ್ಲರ ಮುಂದೆ, ಚೀಟಿ ತೆಗೆದದ್ದು, ತಲೆಯಾಡಿಸಿದ್ದು, ನೆನಪಿಲ್ಲ ಎಂದದ್ದು ಎಲ್ಲ ಹೇಳಿದೆ. ನೆರಿಡಾ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕದವಳಿಗೆ ಕೊಟ್ಟಳು. ನನ್ನ ಕೈಚೀಲವನ್ನು ಕುರ್ಚಿಯಿಂದ ಎತ್ತಿ ನನ್ನ ಕೈಗಿಟ್ಟಳು. ನಾನು ಮನೆಗೆ ಬಂದೆ.

ಈಗ ಊರಿನವರು ನನ್ನನ್ನು ನೋಡಿ ರಸ್ತೆ ದಾಟುತ್ತಾರೆ. ಕೋಸ್ಟಾ ಮಾತ್ರ ಬಂದು, "ಅಯ್ಯೋ ಮಾರಾಯ್ತಿ, ಇಷ್ಟು ದಿನ ಹೊಟ್ಟೇಲಿ ಹೇಗಿಟ್ಕೊಂಡಿದ್ದೆ?" ಎಂದ. ಹೇಗೆಂದು ನನಗೂ ಗೊತ್ತಿಲ್ಲ. ವಾರಪತ್ರಿಕೆಗೆ ಸಹಿ ಹಾಕಿ ಒಂದು ಪತ್ರ ಬರೆದಿದ್ದೇನೆ, ನಾಡಿದ್ದು ಗುರುವಾರ ಅಚ್ಚಾಗುತ್ತದೆ. ಅಗ್ನಿಶಾಮಕ ಕಚೇರಿಗೂ ಹೇಳಿಕೆ ಕಳಿಸಿದ್ದೇನೆ. ಕಡತ ಮುಚ್ಚಿ ಬಹಳ ಕಾಲವಾಯಿತು, ಆದರೂ ಸೇರಿಸಿಡುತ್ತೇವೆ ಎಂದರು.

ಕ್ಷಮಿಸು ಎಂದು ಕೇಳಲು ಈ ಪತ್ರ ಬರೆದಿಲ್ಲ. ಕ್ಷಮಿಸುವುದೂ ನಿನ್ನ ಮೇಲೆ ಇನ್ನೊಂದು ಕೆಲಸ ಹೇರಿದಂತೆ. ನೀನು ನನಗೆ ಸರಿಯಾಗಿ ಹೇಳಿದ್ದೆ, ಹನ್ನೆರಡು ಸಲ ಬರೆದೂ ಕೊಟ್ಟಿದ್ದೆ. ಅದು ನಿಜ ಎಂದು ನಾನು ಹೇಳಿದ್ದೇನೆ ಎಂಬುದು ನಿನಗೆ ಬೇರೆಯವರಿಂದಲ್ಲ, ನನ್ನಿಂದ ತಿಳಿಯಲಿ ಎಂದಷ್ಟೇ.

ನೆಲ್ಸನ್‌ನಲ್ಲಿ ಈಗ ಚಳಿಯಂತೆ. ಬೆಚ್ಚಗಿರು.

ಒಂದು ಕಾಲದಲ್ಲಿ ನಿನ್ನ ಗೆಳತಿಯಾಗಿದ್ದ,
ರೆನಾಟಾ ಬೆಲ್ಲೋಟಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿದ ಮೇಲೆ ಮತ್ತೆ ಒಡೆದು ಬರೆಯುತ್ತಿದ್ದೇನೆ. ಮಾತಿನ ನಡುವೆ ನಿನ್ನ ಹೆಸರು ಬಂತು ಎಂದು ಮೇಲೆ ಬರೆದೆನಲ್ಲ, ಅದು ತಾನಾಗಿ ಬರಲಿಲ್ಲ. ಆ ಅಧಿಕಾರಿ ಕೇಳಿದ್ದು ಪ್ಲಗ್ಗು ಕೊಟ್ಟವರು ಯಾರು ಎಂದು ಮಾತ್ರ. ಅದಕ್ಕೆ ಉತ್ತರವಾಗಿ ನಾನು ನಿನ್ನ ಹೆಸರು ಹೇಳಿದೆ. ನಿನ್ನ ಮನೆತನದ ಹೆಸರನ್ನು, ಉಮೆಗಾಕಿ ಎಂದು, ಬರೆದುಕೊಳ್ಳಲು ಅವನಿಗೆ ಬರಲಿಲ್ಲ, ಎರಡು ಸಲ ತಪ್ಪು ಬರೆದ. ನಾನು ಅವನ ಪೆನ್ನಿನ ತುದಿಯನ್ನೇ ನೋಡುತ್ತ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.