ಬಚ್ಚಲಿನ ಅಳತೆ

ಮುಳಬಾಗಿಲು, ಮಾರ್ಚ್ 11, 1984, ಭಾನುವಾರ

ಇವತ್ತು ಮನೆಯವರನ್ನೆಲ್ಲ ಅಳೆದೆ. ಶಾಲೆಯ ಹೊಲಿಗೆ ಕ್ಲಾಸಿನ ಟೇಪು. ಇವರು ಐದಡಿ ಹತ್ತಂಗುಲ. ನಾನು ಐದಡಿ. ಅತ್ತೆ ಮಾತ್ರ ನಿಲ್ಲಲೇ ಇಲ್ಲ. "ದರ್ಜಿ ಥರ ಟೇಪ್ ಹಿಡ್ಕೊಂಡು ಯಾಕೇ ನನ್ ಹಿಂದೆ ಸುತ್ತುತೀಯಾ?"

ಹೊಸ ಬಚ್ಚಲು ಯುಗಾದಿಗೆ ಸಿದ್ಧವಾಗಬೇಕು. ನಲ್ಲಿ, ಬೇಸಿನ್, ಶವರ್ — ಎಲ್ಲದರ ಎತ್ತರ ಈಗಲೇ ಗೊತ್ತುಮಾಡಬೇಕು. ಇವರ ಪ್ರಕಾರ ಬೇಸಿನ್ ಇವರ ಹೊಟ್ಟೆಯ ಮಟ್ಟಕ್ಕೆ. ಹಾಗಾದರೆ ನಾನು ಮುಖ ತೊಳೆದಾಗ ನೀರು ಮೊಣಕೈಯಿಂದ ಕಂಕುಳಿಗೆ ಇಳಿಯುತ್ತದೆ. ಹೇಳಿದರೆ ನಕ್ಕರು.

ಮಾರ್ಚ್ 14

ಇವರದು ಹೊಸ ಆರ್ಡರ್. ಸಂಕ್ರಾಂತಿಯ ದಿನ ಅಮ್ಮ ಬಚ್ಚಲಲ್ಲಿ ಬಿದ್ದಿದ್ದಾರೆ, ಇನ್ನು ಒಬ್ಬರೇ ಸ್ನಾನ ಬೇಡ. ನಾನು ಒಳಗೆ ನಿಂತು ನೀರು ಹಾಕಬೇಕು. ಹೊಸ ಬಾಗಿಲಿಗೆ ಚಿಲಕವೇ ಬೇಡ.

ಅತ್ತೆ ಅರ್ಧ ಊಟಕ್ಕೇ ಎದ್ದರು. ಎಪ್ಪತ್ತೊಂದು ವರ್ಷ. ಇನ್ನೊಬ್ಬರ ಕೈಯಲ್ಲಿ ಮುಟ್ಟಿಸಿಕೊಂಡು ಸ್ನಾನ ಮಾಡಿದರೆ ಅದೆಂಥ ಮಡಿ? ಮಡಿ ಇಲ್ಲದಿದ್ದರೆ ಅಡುಗೆಮನೆಯೂ ಇಲ್ಲ, ದೇವರಮನೆಯೂ ಇಲ್ಲ. ಪಾಪ ಅನ್ನಿಸಿತು. ಇವರ ಮೇಲೆ ಸಿಟ್ಟೂ ಬಂತು.

ಮಾರ್ಚ್ 17, ಬೆಳಿಗ್ಗೆ 6

ಒಂದು ವಿಚಿತ್ರ. ಇವರ ಆರ್ಡರಿಗೆ ಸೊಪ್ಪು ಹಾಕದೆ ಅತ್ತೆ ಒಬ್ಬರೇ ಸ್ನಾನಕ್ಕೆ ಹೋಗುತ್ತಾರೆ. ಹೋದ ಕೂಡಲೇ ಒಳಗೆ ಬಕೆಟ್ ಎಳೆದ ಸದ್ದು. ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತಿಡುತ್ತಾರೆ. ಚಿಲಕ ಇದೆಯಲ್ಲ... ಯಾಕೆ ಅಂತ ಕೇಳಿದೆ. ಈ ಸಲ ಶ್ರೀನಿವಾಸಪುರದಲ್ಲಿ ಮಾವಿನ ಹೂವು ಚೆನ್ನಾಗಿದೆಯಂತೆ ಅಂದರು.

ಮಾರ್ಚ್ 24, ಶನಿವಾರ

ನಲ್ಲಿ ಕೆಲಸದ ಲಿಯಾಖತ್ ಬಂದ. ಗೋಡೆ ತುಂಬ ಪೆನ್ಸಿಲ್ ಗೀಟು. ಬೇಸಿನ್ ಎರಡೂಮುಕ್ಕಾಲು ಅಡಿ — ನಾನೇ ಗೆದ್ದೆ. ಕೂತು ಮೀಯುವ ನಲ್ಲಿ ಎರಡಡಿ. ಹಳೆಯ ಬಚ್ಚಲಿನ ಬಾಗಿಲು ನೋಡಿ ಅವನು ನಿಂತ.

"ಈ ಚಿಲಕ ಒಂಟೆ ನೋಡ್ಕೊಂಡು ಹಾಕಿದ್ದಾ ಟೀಚರಮ್ಮ?"

ಇವರೇ ಹಾಕಿದ್ದು. ಅಳೆದೆ. ಆರಡಿ ನಾಲ್ಕಂಗುಲ. ನಾನೇ ತುದಿಗಾಲಲ್ಲಿ ನಿಲ್ಲಬೇಕು. ಅತ್ತೆ ನನಗಿಂತ ಗೇಣು ಗಿಡ್ಡ.

ಸಂಕ್ರಾಂತಿಯ ದಿನ ಸ್ನಾನದ ಮಣೆ ಹಂಡೆಯ ಹತ್ತಿರ ಇರಲಿಲ್ಲ. ಬಾಗಿಲ ಬುಡದಲ್ಲಿ ಮಗುಚಿಕೊಂಡಿತ್ತು. ಎತ್ತಿಟ್ಟವಳು ನಾನೇ. ಸೋಪಿಗೆ ಜಾರಿದರು ಅಂತ ಎಲ್ಲರೂ ಅಂದರು, ನಾನೂ ಅಂದೆ. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು!

ಅದೇ ದಿನ, ಸಂಜೆ

ಚಿಲಕ ಹಾಕೋಕೆ ಮಣೆ ಹತ್ತಿದ್ರಾ ಅಂತ ಅತ್ತೆಯನ್ನೇ ಕೇಳಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಅಂದರು:

"ಹೇಳಿದ್ರೆ ನಿನ್ ಗಂಡ ನೊಂದ್ಕೋತಾನೆ ಕಣೇ. ಎಷ್ಟು ಆಸೆಯಿಂದ ಹಾಕಿದ್ದ."

ಆಮೇಲೆ ತಾವೇ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಈಗ ಅಳೆ ಅಂದರು. ನಾಲ್ಕಡಿ ನಾಲ್ಕಂಗುಲ.

ಮಾರ್ಚ್ 31

ಒಂದು ವಾರ ಯೋಚಿಸಿ ಇವರಿಗೆ ಹೇಳಿದೆ. ಟೇಪು ಇಸಕೊಂಡು ಹೋದರು. ಹೊಸ ಬಾಗಿಲ ಮೇಲೆ ಮೂರಡಿಗೆ ಗೀಟು ಹಾಕಿ ಲಿಯಾಖತ್‌ಗೆ ತೋರಿಸಿದರು. ಆದರೂ ಯುಗಾದಿಯ ದಿನ ನೋಡುತ್ತಾರಂತೆ. ಏನಾದರೂ ಆದರೆ ಚಿಲಕ ಕಿತ್ತುಹಾಕುತ್ತಾರಂತೆ.

ಏಪ್ರಿಲ್ 2, ಯುಗಾದಿ, ಬೆಳಿಗ್ಗೆ 5.20

ಹೊಸ ಬಚ್ಚಲ ಹೊರಗೆ ಕೂತು ಬರೆಯುತ್ತಿದ್ದೇನೆ. ಇವರು ಪಕ್ಕದಲ್ಲೇ — ಟವೆಲ್ ಮಡಿಸುವುದು, ಬಿಚ್ಚುವುದು. ಅತ್ತೆ ನಮ್ಮಿಬ್ಬರನ್ನೂ ನೋಡಿ, ಹಬ್ಬದ ದಿನ ಕೆಲಸ ಇಲ್ವಾ ಅಂದು ಒಳಗೆ ಹೋದರು. ಬಾಗಿಲು ಮುಚ್ಚಿತು. ಬಕೆಟ್ ಎಳೆದ ಸದ್ದಿಲ್ಲ. ಇನ್ನೂ ಇಲ್ಲ...

ಟಕ್. ಚಿಲಕ.

ನೀರು ಬೀಳುತ್ತಿದೆ. ಅತ್ತೆ ಏನೋ ಗುನುಗುತ್ತಿದ್ದಾರೆ. ಇವರು ಟವೆಲನ್ನು ಮುಖಕ್ಕೆ ಒತ್ತಿಕೊಂಡು ಕೂತಿದ್ದಾರೆ.