ಏಳನೆಯ ಮನೆಯ ಪಾಲು

ಸೆಪ್ಟೆಂಬರ್ 9

ಟಗರಿನ ಹಲ್ಲು ನೋಡಿದೆ. ಕಣ್ಣು ನೋಡಿದೆ. ಗೊರಸು ಎತ್ತಿ ನೋಡಿದೆ. ಊನವಿಲ್ಲ. ನಾಳೆ ಮತಾಘ್ — ಹರಕೆಯ ಬಲಿ. ಮೊಮ್ಮಗ ಹ್ರಾಚ್ ಕಡ್ಡಾಯ ಸೇನಾಸೇವೆ ಮುಗಿಸಿ ಗಡಿಯಿಂದ ಜೀವಂತ ಬಂದರೆ ಟಗರು ಕೊಡುತ್ತೇನೆಂದು ಹೊತ್ತು ಎರಡು ವರ್ಷ. ಬಂದಿದ್ದಾನೆ, ಕೆನ್ನೆ ತುಂಬಿಕೊಂಡು.

ಪಕ್ಕದ ಮನೆಯ ಶೋಘಿಕ್ ಇವತ್ತೂ ರೊಟ್ಟಿ ಸುಡಲು ಬರಲಿಲ್ಲ. ಅವಳ ಮಗ ಮುಷೆಘ್ ಗಡಿಯ ಹಿಮಕ್ಕೆ ಬಲಗಾಲಿನ ಐದೂ ಬೆರಳು ಕೊಟ್ಟು ಬಂದಾಗಿನಿಂದ ಹೀಗೇ. ಮುಖ ಊದಿಸಿಕೊಂಡು ತಿರುಗುತ್ತಾಳೆ. ನಾನೇನು ಕತ್ತರಿಸಿದೆನೇ?

ಸೆಪ್ಟೆಂಬರ್ 10, ಸಂಜೆ

ಪಾದ್ರಿ ಉಪ್ಪನ್ನು ಆಶೀರ್ವದಿಸಿ ಕೊಟ್ಟರು. ಟಗರಿಗೆ ನೆಕ್ಕಿಸಿ ಕೊಯ್ದೆವು. ನೀರು, ಉಪ್ಪು, ಮಾಂಸ — ಹಂಡೆಗೆ ಬೇರೇನೂ ಬೀಳಬಾರದು. ಸೊಸೆ ಈರುಳ್ಳಿ ತಂದಳು, ಕೈಮೇಲೆ ಹೊಡೆದೆ. ಏಳು ಮನೆಗೆ ಹಂಚಬೇಕು. ಆರು ಮುಗಿಸಿ ಏಳನೆಯದಕ್ಕೆ ಶೋಘಿಕ್‌ಳ ಬಾಗಿಲಿಗೆ ಹೋದೆ.

"ಏನ್ ಹರಕೆ ಅಕ್ಕ?"

"ಹ್ರಾಚ್ ಗಡಿಯಿಂದ ಬದುಕಿ ಬಂದ್ನಲ್ಲ, ಅದಕ್ಕೆ."

ನಕ್ಕಳು. ಕೆಟ್ಟ ನಗು.

"ನಿಮ್ಮ ಹುಡುಗ ಗಡಿ ಕಂಡಿದ್ದು ಟೀವೀಲಿ! ಪಟ್ಟಣದ ಗೋದಾಮಲ್ಲಿ ಹಿಟ್ಟಿನ ಮೂಟೆ ಕಾಯ್ಕೊಂಡಿದ್ದ. ಆ ಜಾಗ ನನ್ನ ಮುಷೆಘ್‌ಗೆ ಬಂದಿತ್ತು. ನಿಮ್ಮ ಮಗ ಯಾರನ್ನೋ ಹಿಡಿದು ಹೆಸರು ಅದಲುಬದಲು ಮಾಡಿಸ್ದ. ನಿಮಗೆ ಗೊತ್ತಿರ್ಲಿಲ್ಲ ಅಂತ ನಾನು ನಂಬಬೇಕಾ?"

ತಟ್ಟೆ ಹಿಡಿದು ವಾಪಸು ಬಂದೆ. ಹರಕೆಯ ಮಾಂಸ ನಾಳೆಗೆ ಇಡುವಂತಿಲ್ಲ. ನಾಯಿಗೂ ಹಾಕುವಂತಿಲ್ಲ.

ಸೆಪ್ಟೆಂಬರ್ 11

ಮಗ ವಹಾನ್‌ನನ್ನು ಕೇಳಿದೆ. ಅಲ್ಲಗಳೆಯಲಿಲ್ಲ.

"ನಿನ್ನ ಮೊಮ್ಮಗ ಹತ್ತೂ ಬೆರಳಿಟ್ಕೊಂಡು ಬಂದಿದ್ದಾನಲ್ಲಮ್ಮ, ಸಾಲ್ದಾ?"

"ಅಬ್ರಹಾಮನಿಗೆ ದೇವರು ಮಗನ ಬದಲು ಟಗರು ತೋರಿಸ್ದ ಕಣೋ. ನೀನು ಶೋಘಿಕ್ ಮಗನ್ನೇ ತೋರಿಸ್ದೆ."

ಹ್ರಾಚ್ ಅತ್ತ. ಗೋದಾಮಿನಲ್ಲಿದ್ದದ್ದು ನಿಜ, ಆದರೆ ತನ್ನ ಬದಲಿಗೆ ಹೋದವನು ಮುಷೆಘ್ ಎಂದು ತನಗೆ ಗೊತ್ತೇ ಇರಲಿಲ್ಲ ಎಂದ. ನನ್ನ ತಲೆಯ ಮೇಲೆ ಆಣೆ ಮಾಡಿದ. ನಂಬಿದೆ. ಆದರೂ… ಫೋನಿನಲ್ಲಿ "ಇಲ್ಲಿ ಗಾಳಿ ಜೋರು ಅಜ್ಜಿ" ಅನ್ನುತ್ತಿದ್ದನಲ್ಲ! ನಾಲ್ಕು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದೆ. ಗೋದಾಮಿಗೆ.

ಸೆಪ್ಟೆಂಬರ್ 19

ವಹಾನ್ ಜೊತೆ ಮಾತಿಲ್ಲ. ಪಾದ್ರಿಯ ಹತ್ತಿರ ಹೋದೆ. ನನ್ನ ಹರಕೆ ಸಂದಿತೇ ಎಂದು ಕೇಳಿದೆ.

ಮೋಶೆಯ ಪುಸ್ತಕ ತೆಗೆದು ಓದಿದರು. ನೆರೆಯವನಿಗೆ ಮೋಸ ಮಾಡಿದವನು ಕಸಿದದ್ದನ್ನು ಮೊದಲು ತಿರುಗಿ ಕೊಡಬೇಕು, ಅದಕ್ಕೆ ಐದರಲ್ಲೊಂದು ಪಾಲು ಸೇರಿಸಿ. ಟಗರು ಆಮೇಲೆ.

"ಕ್ರಿಸ್ತನೂ ಅದನ್ನೇ ಹೇಳಿದ್ದು ತಾಯಿ. ಕಾಣಿಕೆ ಅಲ್ಲೇ ಬಿಡು, ಮೊದಲು ಸಹೋದರನ ಹತ್ತಿರ ಹೋಗು ಅಂತ."

"ಐದು ಬೆರಳಿಗೆ ಐದರಲ್ಲೊಂದು ಸೇರಿಸಿದ್ರೆ ಆರಾಗುತ್ತೆ ಸ್ವಾಮಿ. ಎಲ್ಲಿಂದ ತರ್ಲಿ?"

ಪುಸ್ತಕ ಮುಚ್ಚಿದರು. "ಶೋಘಿಕ್ ಮನೇಲಿ ಈ ಸಲ ಸೌದೆ ಯಾರು ಒಡೀತಾರೆ?" ಎಂದರು.

ಸೆಪ್ಟೆಂಬರ್ 20, ಬೆಳಗ್ಗೆ

ಹ್ರಾಚ್‌ಗೆ ಹೇಳಿದೆ: ಮುಷೆಘ್ ಸಾಕು ಅನ್ನುವವರೆಗೆ ಆ ಮನೆಯ ಸೌದೆ, ನೀರು, ದನದ ಮೇವು ನಿನ್ನದು. ಮೊದಲು ತಪ್ಪೊಪ್ಪಿಕೊ. ನಾನೂ ಜೊತೆಗೆ ಬರುತ್ತೇನೆ. ವಹಾನ್ ಬರುವುದಿಲ್ಲವಂತೆ, ಮಾನ ಹೋಗುತ್ತದಂತೆ. ಇದ್ದರೆ ತಾನೇ.

ಶಾಲು ಹೊದ್ದು ಹೊರಟೆ. ಹ್ರಾಚ್ ಕೊಡಲಿ ಹಿಡಿದು ಬಾಗಿಲಲ್ಲೇ ನಿಂತ. ಹೊಸಿಲು ದಾಟಲಿಲ್ಲ.

"ಅಜ್ಜಿ… ನಂಗೂ ಗೊತ್ತಿತ್ತು ಅಂತ ಮುಷೆಘ್ ಅಂದ್ರೆ, ನೀನು ನಂಬಬೇಡ."

"ಅವನ್ಯಾಕೆ ಹಾಗಂತಾನೆ?"

ಕೊಡಲಿ ಕೆಳಗಿಟ್ಟು ಎಲ್ಲ ಹೇಳಿದ. ತಿರುಗಿ ಬಂದು ಕೂತು ಬರೆಯುತ್ತಿದ್ದೇನೆ. ಮುಷೆಘ್ ಹಿಮದಿಂದ ಇವನಿಗೆ ಫೋನ್ ಮಾಡಿದ್ದನಂತೆ. ಒಂದು ಸಲವಲ್ಲ. ಪಾದ ಮರಗಟ್ಟುತ್ತಿದೆ, ನಿನ್ನಪ್ಪನಿಗೆ ಹೇಳಿ ನನ್ನನ್ನು ಕೆಳಗಿಳಿಸು ಎಂದು. ಇವನು ನನಗೆ ಗಾಳಿ ಜೋರು ಅನ್ನುತ್ತಿದ್ದದ್ದು, ಅವನ ಬಾಯಿಂದ ಕೇಳಿ ಕಲಿತ ಮಾತು.