ಅಂಗಡಿ ಕೊಂಡ ಮೇಲೆ

ಬಜಗೋಳಿ, ಸೋಮವಾರ

ಮುದ್ದಣ್ಣನವರಿಗೆ ಮೋಹಿನಿಯ ನಮಸ್ಕಾರ.

ನಿಮ್ಮ ಮಾಂಸದಂಗಡಿ ಕೊಂಡು ತಿಂಗಳಾಯಿತು. ಕತ್ತಿ, ತಕ್ಕಡಿ, ಫ್ರೀಜರ್ ಎಲ್ಲ ಚೆನ್ನಾಗಿವೆ. ಆದರೆ ಬಂದವರೆಲ್ಲ "ಯಾವಾಗಲಿನ ಹಾಗೆ ಕೊಡಿ" ಎಂದು ಸುಮ್ಮನೆ ನಿಲ್ಲುತ್ತಾರೆ. ಯಾವ ಮನೆಗೆ ಹೇಗೆ ಎಂಬುದು ನಿಮಗಷ್ಟೇ ಗೊತ್ತು. ಸರಸಕ್ಕನಿಗೆ ಬರೀ ಎಲುಬಿನ ತುಂಡು ಕೊಟ್ಟೆ. ಅವರಿಗೆ ಹಲ್ಲಿಲ್ಲವೆಂದು ಆಮೇಲೆ ತಿಳಿಯಿತು. ಅವರು ಮತ್ತೆ ಬರಲೇ ಇಲ್ಲ.

ನಿನ್ನೆ ಕನಸಿನಲ್ಲಿ ಮಾಂಸ ಕಡಿಯುವ ಆ ಹುಣಸೆ ಕೊರಡು ಚಿಗುರಿತ್ತು. ಅದರ ನೆರಳಲ್ಲಿ ಕುಳಿತು ನೀವು ಮನೆಮನೆಯ ಹೆಸರು ಹೇಳುತ್ತಿದ್ದಿರಿ. ಹೆಸರಿಗೊಂದು ಎಲೆ ನನ್ನ ಮಡಿಲಿಗೆ ಬೀಳುತ್ತಿತ್ತು.

ಕೈ ನಡುಗುತ್ತದೆಂದು ಮಾರಿದಿರಿ, ಗೊತ್ತುಂಟು. ಕತ್ತಿ ಹಿಡಿಯುವುದು ಬೇಡ. ಭಾನುವಾರ ಈಗ ನೀವಿರುವ ಎಲ್ಲೂರಿನಿಂದ ಮೊದಲ ಬಸ್ಸಿಗೆ ಹೊರಟು ಬನ್ನಿ. ಬಾಗಿಲ ಬಳಿಯ ಕುರ್ಚಿ ಮಾರಾಟದ ಕಾಗದದಲ್ಲಿ ಇರಲಿಲ್ಲ. ಅದು ಇನ್ನೂ ನಿಮ್ಮದೇ.

ಇಂತಿ,
ಮೋಹಿನಿ